ಸೀಗಿ ಹುಣ್ಣಿಮೆಯ ಮಧ್ಯಾಹ್ನ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ರಸ್ತೆಯನ್ನು ಫೆಬ್ರುವರಿಯಲ್ಲಿ ಸೀನದೆ ದಾಟಿದವರು ಯಾರೂ ಇರಲಿಕ್ಕಿಲ್ಲ. ಮೊನ್ನೆ ಕನ್ನಡಕದ ಗಾಜು ಬದಲಿಸಲು ಹೋದಾಗ ಆಟೋದಲ್ಲಿ ಕೂತಿದ್ದ ನಾವು ನಾಲ್ಕೂ ಜನ ಒಬ್ಬರಾದ ಮೇಲೊಬ್ಬರು ಸೀನಿದೆವು. ಆಟೋದವನೊಬ್ಬ ಸೀನಲಿಲ್ಲ, ಅವನಿಗೆ ರೂಢಿ. ಉಳಿದವರು ಮೂಗು ಒರೆಸಿಕೊಳ್ಳುತ್ತ ನಕ್ಕರು. ನನಗೆ ನಗು ಬರಲಿಲ್ಲ. ಆ ಘಾಟು ಮೂಗಿಗೆ ಬಡಿದರೆ ಇಂದಿಗೂ ನಾಲ್ಕು ವರ್ಷದ ಹಿಂದಿನ ಒಂದು ಸೀಗಿ ಹುಣ್ಣಿಮೆ ಕಣ್ಣ ಮುಂದೆ ಬರುತ್ತದೆ. ಅವತ್ತು ಬೆಳಗಿನಿಂದ ಸಂಜೆಯ ತನಕ ನಾನು ಕೈಗೆ ಸಿಕ್ಕ ಕೆಲಸವನ್ನೆಲ್ಲ ಮಾಡಿದೆ, ಹೇಳಬೇಕಾದ ಒಂದು ಮಾತನ್ನು ಹೇಳದೆ ಉಳಿಯುವುದಕ್ಕಾಗಿ.

ನಾನು ಇಪ್ಪತ್ತು ವರ್ಷ ಹಾವೇರಿಯ ಔಷಧಿ ಅಂಗಡಿಯೊಂದರಲ್ಲಿ ಚೀಟಿ ಓದಿ ಮಾತ್ರೆ ಕೊಟ್ಟವಳು. ನನ್ನ ಯಜಮಾನರು ಶಿವಾನಂದ, ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದವರು. ಐವತ್ತು ದಾಟಿದ ಮೇಲೆ ಅವರಿಗೆ ಪರ್ಮಾಕಲ್ಚರಿನ ಹುಚ್ಚು ಹಿಡಿಯಿತು. ಅವರ ತಾಯಿಯ ಕಡೆಯಿಂದ ಕದರಮಂಡಲಗಿಯ ಹತ್ತಿರ ಎರಡೂವರೆ ಎಕರೆ ಬಂದಿತ್ತು. ಉಳುವುದಿಲ್ಲ, ಔಷಧಿ ಹೊಡೆಯುವುದಿಲ್ಲ, ಎಲ್ಲದರ ಜೊತೆಗೆ ಎಲ್ಲವನ್ನೂ ಬೆಳೆಯುವುದು ಎಂದು ಹೊರಟರು. ಬಾಳೆಯ ಕೆಳಗೆ ಅರಿಶಿನ, ನುಗ್ಗೆಯ ಮೇಲೆ ಅವರೆ, ಹೊಂಡದಲ್ಲಿ ಬಾತುಕೋಳಿ. ನೋಡಿದವರು 'ಮಾಸ್ತರು ಹೊಲಾ ತಗದು ಕಾಡು ಮಾಡಾಕತ್ತಾರ' ಎಂದು ಆಡಿಕೊಂಡರು. ನಾನು ಗೊಣಗುತ್ತಲೇ ಹಿಂದೆ ಬಂದೆ, ಬಂದ ಮೇಲೆ ನನಗೂ ಹುಚ್ಚು ಹತ್ತಿತು. ಮೆಣಸಿನಕಾಯಿ ಮಡಿ ಮಾತ್ರ ನನ್ನ ಸ್ವಂತದ್ದು. ಡೊಣ್ಣ ಮೆಣಸಿನಕಾಯಿ, ಗುಂಟೂರಿನದು, ಬಜ್ಜಿಯದು, ಹೀಗೆ ಆರೇಳು ಜಾತಿಯನ್ನು ಒಂದೇ ಕಡೆ ಹಚ್ಚಿ, ಬದಿಯಲ್ಲೇ ಎರಡು ಜೇನುಪೆಟ್ಟಿಗೆ ಇಟ್ಟುಕೊಂಡಿದ್ದೆ. ಬಂದವರಿಗೆಲ್ಲ ಅದನ್ನೇ ಮೊದಲು ತೋರಿಸುತ್ತಿದ್ದೆ.

ನಮ್ಮ ಬದುವಿಗೆ ಹತ್ತಿದ್ದು ದ್ಯಾಮಕ್ಕನ ಹೊಲ. ಅರವತ್ತು ದಾಟಿದ ಹೆಂಗಸು, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗ ಮಲ್ಲೇಶಿ ತಾಯಿ ಹೇಳಿದ್ದನ್ನು ಮಾಡುವವನು, ಎದುರು ಮಾತಾಡುವವನಲ್ಲ. ಸುತ್ತಲಿನವರೆಲ್ಲ ಪೊಟ್ಟಣದ ಹೈಬ್ರಿಡ್ ಬೀಜಕ್ಕೆ ಹೋದರೂ ಆಕೆ ತನ್ನ ಅತ್ತೆಯ ಕಾಲದ ಡಬ್ಬಿ ಮೆಣಸಿನಕಾಯಿಯ ಬೀಜವನ್ನು ಬಿಟ್ಟಿರಲಿಲ್ಲ. ಡಬ್ಬಿ ಎಂದರೆ ಗಿಡ್ಡಗೆ ತುಂಬಿಕೊಂಡಿರುವ ಕಾಯಿ. ಒಣಗಿದರೆ ಮೈತುಂಬ ಸುಕ್ಕು, ಬಣ್ಣ ಬೇಕಾದಷ್ಟು, ಖಾರ ಕಡಿಮೆ. ನಾವು ಬಂದ ಮೊದಲ ವರ್ಷವೇ ಒಂದು ಹಿಡಿ ಬೀಜವನ್ನು ಅರಿವೆಯ ಗಂಟಿನಲ್ಲಿ ಕಟ್ಟಿ ಕೊಟ್ಟು, "ಮುಂದಿನ ಬೀಜಕ್ಕ ನಡುಹೊಲದ ಗಿಡಾನ ಹಿಡಿ ತಂಗೀ, ಬದುವಿನ ಗಿಡದ್ದು ಬ್ಯಾಡ" ಎಂದಿದ್ದಳು. ಯಾಕೆ ಎಂದು ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ. ಹಿರಿಯರ ಯಾವುದೋ ಶಾಸ್ತ್ರ ಎಂದುಕೊಂಡೆ. ನನ್ನ ಮಡಿಗೆ ನಡುಹೊಲ ಎಲ್ಲಿಂದ ಬರಬೇಕು? ಇದ್ದದ್ದೇ ಹತ್ತು ಹೆಜ್ಜೆ. ಗುಂಟೂರಿನ ಸಾಲಿನ ಪಕ್ಕ ಡಬ್ಬಿಯನ್ನೂ ಹಚ್ಚಿದೆ, ಹಣ್ಣಾದ ಮೇಲೆ ಬೀಜ ತೆಗೆದು ಸೀಸೆಯಲ್ಲಿ ಹಾಕಿ, ಹೆಸರು ಬರೆದು ಅಂಟಿಸಿ ಇಟ್ಟೆ. ಕಾಯಿಗಳೆಲ್ಲ ದ್ಯಾಮಕ್ಕನ ಕಾಯಿಯಂತೆಯೇ ಇದ್ದವು. ನನಗೆ ಹೆಮ್ಮೆಯಾಯಿತು.

ಮರುವರ್ಷದ ಬೇಸಿಗೆಯಲ್ಲಿ ದ್ಯಾಮಕ್ಕನ ಅಡುಗೆಮನೆಯ ಹಂಚು ಇಳಿಸಿ ತಗಡು ಹಾಕಿಸುತ್ತಿದ್ದರು. ಒಲೆಯ ಮೇಲಿನ ನೆಲುವಿನಲ್ಲಿ ತೂಗಾಡುತ್ತಿದ್ದ ಬೀಜದ ಗಡಿಗೆಯನ್ನು ಯಾರೋ ಇಳಿಸಿ ಹೊರಗೆ ಗೋಡೆಯ ಬದಿಗೆ ಇಟ್ಟರು. ಅವತ್ತೇ ಸಂಜೆ ಅಡ್ಡಮಳೆ ಹೊಡೆಯಿತು. ಗಡಿಗೆಯ ತುಂಬ ನೀರು. ಮೂರು ದಿನ ಬಿಸಿಲಿಗೆ ಹರವಿದರೂ ಬೀಜಕ್ಕೆ ಬೂಷ್ಟು ಹಿಡಿದು ಕಪ್ಪಾಯಿತು. ದ್ಯಾಮಕ್ಕ ನಮ್ಮ ಕಟ್ಟೆಯ ಮೇಲೆ ಬಂದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಕೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

"ಅಳಬ್ಯಾಡ ದ್ಯಾಮಕ್ಕಾ, ನೀ ಕೊಟ್ಟದ್ದ ನನ್ನ ಹತ್ರ ಐತಿ" ಎಂದು ನಾನು ಒಳಗಿನಿಂದ ಸೀಸೆ ತಂದೆ. ಮೊರದಲ್ಲಿ ಬೀಜ ಸುರಿದು, ಅರಿಶಿನ ಕುಂಕುಮ ಇಟ್ಟು ಆಕೆಯ ಉಡಿಗೆ ಹಾಕಿದೆ. ಇವರು ಫೋಟೋ ತೆಗೆದರು. ದ್ಯಾಮಕ್ಕ ನನ್ನ ಎರಡೂ ಕೈ ಹಿಡಿದುಕೊಂಡು, "ನನ್ನ ಹೊಟ್ಟ್ಯಾಗ ಹುಟ್ಟಿದಾಕಿಗಿಂತ ಹೆಚ್ಚಿನಾಕಿ ನೀ" ಎಂದಳು. ನಾನು ದೊಡ್ಡ ಕೆಲಸ ಮಾಡಿದೆ ಅಂತ ಒಂದು ವಾರ ಹಿಗ್ಗಿನಲ್ಲೇ ಇದ್ದೆ.

ರೇಣುಕಾ ಆ ಮನೆಗೆ ಸೊಸೆಯಾಗಿ ಬಂದು ಆಗಷ್ಟೇ ನಾಲ್ಕು ತಿಂಗಳಾಗಿತ್ತು. ದೇವರಗುಡ್ಡದ ಕಡೆಯ ಹುಡುಗಿ, ಪಿಯುಸಿ ಮುಗಿಸಿ ಎರಡು ವರ್ಷ ರಾಣೇಬೆನ್ನೂರಿನ ಸುತ್ತ ಕಂಪನಿಗಳು ಬೀಜ ಬೆಳೆಸುವ ಪ್ಲಾಟುಗಳಲ್ಲಿ ಕೆಲಸ ಮಾಡಿದ್ದಳು. ಆ ಸಲ ದ್ಯಾಮಕ್ಕ ಜಾರಿ ಬಿದ್ದು ಬಲಗೈ ಮಣಿಕಟ್ಟು ಉಳುಕಿಸಿಕೊಂಡಿದ್ದರಿಂದ ಬಿತ್ತುವ ಕೆಲಸ ಸೊಸೆಗೆ ಬಂತು. "ಮನಿ ಬೀಜ ಮನಿ ಸೊಸಿ ಕೈಲೆ ಬೀಳ್ಲಿ" ಎಂದು ಖುಷಿಯಿಂದಲೇ ಅರ್ಧ ಬೀಜ ಕೊಟ್ಟಳು. ಇನ್ನರ್ಧವನ್ನು ಆಪತ್ತಿಗೆ ಇರಲಿ ಎಂದು ಗಡಿಗೆಯಲ್ಲಿ ಇಟ್ಟಳು, ಎಲ್ಲ ಬೀಜವನ್ನೂ ಒಂದೇ ವರ್ಷ ನೆಲಕ್ಕೆ ಹಾಕುವವಳಲ್ಲ. ಸಸಿ ಚೆನ್ನಾಗಿ ಎದ್ದವು. ಮಳೆ ಹದವಾಗಿ ಬಂತು. ಆ ಮಳೆಗಾಲದಷ್ಟು ಸುಖವಾಗಿ ನಾನು ಯಾವ ಮಳೆಗಾಲದಲ್ಲೂ ಇರಲಿಲ್ಲ. ಸಂಜೆಗೆ ನಾವು ಮೂವರು ಹೆಂಗಸರೂ ಬದುವಿನ ಮೇಲೆ ಕೂತು ಊರ ಸುದ್ದಿಯನ್ನೆಲ್ಲ ಮಾತಾಡುತ್ತಿದ್ದೆವು.

ದಸರೆಯ ಹೊತ್ತಿಗೆ ತಂಗಿಗೆ ಆರಾಮಿಲ್ಲವೆಂದು ನಾನು ಹಾವೇರಿಗೆ ಹೋಗಿ ಹದಿನೈದು ದಿನ ಉಳಿಯಬೇಕಾಯಿತು. ಸೀಗಿ ಹುಣ್ಣಿಮೆಯ ಹಿಂದಿನ ದಿನ ತಿರುಗಿ ಬಂದೆ. ಹುಣ್ಣಿಮೆಯ ದಿನ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಬುತ್ತಿ ಒಯ್ದು, ಬಸುರಿ ಭೂಮಿತಾಯಿಗೆ ಎಡೆ ಮಾಡಿ, ಆ ಅಡುಗೆಯನ್ನೇ ಕಲಸಿ ಬೆಳೆಯ ಸುತ್ತ ಚೆಲ್ಲಿ ಬರುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಮನೆಗೆ ಬಂದ ಹೊಸ ಸೊಸೆ ಮೊದಲ ವರ್ಷ ಚರಗದ ಬುಟ್ಟಿ ಹೊರುವುದು ದ್ಯಾಮಕ್ಕನ ಮನೆಯ ಪದ್ಧತಿ. ನಮಗೂ ಊಟಕ್ಕೆ ಕರೆದಿದ್ದಳು.

ಅವತ್ತು ಬೆಳಿಗ್ಗೆ ಎದ್ದವಳು ಬಾತುಕೋಳಿಗಳ ಗೂಡು ತೆಗೆದೆ. ಅವು ಕಚಪಚ ಎನ್ನುತ್ತ ಹೊಂಡಕ್ಕೆ ಓಡಿದವು, ಎರಡು ಮಾತ್ರ ದಾರಿ ತಪ್ಪಿ ಪಾಲಕದ ಮಡಿಗೆ ನುಗ್ಗಿದವು. ಅವನ್ನು ಬೈದು ಅಟ್ಟಿ, ಮೊಟ್ಟೆ ಆರಿಸಿ, ಆಡಿನ ಹಿಕ್ಕೆ ಬಳಿದು ಬುಟ್ಟಿಗೆ ತುಂಬಿದೆ. ಡ್ರಮ್ಮಿನಲ್ಲಿ ಸಗಣಿ, ಗಂಜಲ ಕಲಸಿಟ್ಟಿದ್ದ ಜೀವಾಮೃತವನ್ನು ಕೋಲಿನಿಂದ ತಿರುವಿದೆ. ನಾನಿಲ್ಲದ ಹದಿನೈದು ದಿನ ಇವರು ಅದನ್ನು ಮುಟ್ಟಿರಲಿಲ್ಲವೆಂದು ವಾಸನೆಯೇ ಹೇಳಿತು. ಇವರ ಜೀವವೆಲ್ಲ ಇಂಗುಗುಂಡಿಗಳಲ್ಲಿ, ಉಳಿದದ್ದು ಕಣ್ಣಿಗೆ ಬೀಳುವುದಿಲ್ಲ. ದ್ಯಾಮಕ್ಕನಿಗೆ ಹಬ್ಬಕ್ಕೆ ನಮ್ಮ ಮಡಿಯದೂ ನಾಲ್ಕು ಕಾಯಿ ಒಯ್ಯೋಣ ಎಂದು ಮೆಣಸಿನ ಮಡಿಗೆ ಹೋದೆ. ಆಕೆಗೆ ಕೊಟ್ಟ ಬೀಜದಲ್ಲೇ ಉಳಿದದ್ದನ್ನು ನಾನೂ ಹಾಕಿದ್ದೆ.

ಮೊದಲ ಗಿಡದಲ್ಲಿ ಕಾಯಿ ಸರಿಯಾಗಿತ್ತು. ಎರಡನೆಯದರಲ್ಲಿ ಸಪೂರ ಕಾಯಿ, ಮೈ ನುಣ್ಣಗೆ, ಹಣ್ಣಾಗಿದ್ದರೂ ಒಂದು ಗೆರೆ ಇಲ್ಲ. ಬೇರೆ ಸಾಲಿಗೆ ಬಂದೆನೇನೋ ಎಂದು ತಲೆಯೆತ್ತಿ ನೋಡಿದೆ. ಅಲ್ಲ, ಅದೇ ಸಾಲು. ಮುಂದೊಂದು ಗಿಡದಲ್ಲಿ ಕಾಯಿ ಊದಿಕೊಂಡು ಡೊಣ್ಣ ಮೆಣಸಿನಕಾಯಿಯ ಮರಿಯಂತಿತ್ತು. ಸಪೂರದ ಕಾಯಿಯನ್ನು ಕಚ್ಚಿದೆ. ನಾಲಿಗೆ ಹರಿದುಹೋಗುವಷ್ಟು ಖಾರ. ಕಣ್ಣಲ್ಲಿ ನೀರು ಬಂದು ಬಾಯಿಗೆ ನೀರು ಸುರಿದುಕೊಳ್ಳುತ್ತ ಇವರನ್ನು ಕೂಗಿದೆ.

ಇವರು ಬಂದು ಕಾಯಿಗಳನ್ನು ಅಂಗೈಯಲ್ಲಿ ಸಾಲಾಗಿ ಇಟ್ಟುಕೊಂಡು, ತರಗತಿಯಲ್ಲಿ ನಿಂತವರ ಹಾಗೆ ಉತ್ಸಾಹಗೊಂಡರು. "ಕ್ರಾಸ್ ಆಗೈತಿ ಗಿರಿಜಾ! ಹೋದ ವರ್ಷ ಜೇನು ಎಲ್ಲಾ ಗಿಡದ ಪರಾಗ ಕಲಸಿ ಹಾಕ್ಯಾವ. ತಾಯಿಗಿಡದ ಕಾಯ್ಯಾಗ ಏನೂ ಗೊತ್ತಾಗಾಂಗಿಲ್ಲ, ಅದರ ಬೀಜ ಹಾಕಿದಾಗ ಮರುವರ್ಷ ತಿಳೀತೈತಿ."

"ಹಂಗಾದ್ರ ದ್ಯಾಮಕ್ಕಗ ಕೊಟ್ಟ ಬೀಜ?"

ಅವರ ಉತ್ಸಾಹ ಇಳಿಯಿತು. ಕಾಯಿಗಳನ್ನು ಒಂದೊಂದಾಗಿ ನನ್ನ ಬುಟ್ಟಿಗೆ ಹಾಕಿ, "ಇವತ್ತ ಹಬ್ಬ. ಹಬ್ಬ ಮುಗೀಲಿ, ಆಮೇಲೆ ಸಾವಕಾಶ ಹೇಳಿದ್ರಾತು" ಎಂದು ಸಲಿಕೆ ಹೆಗಲಿಗೇರಿಸಿಕೊಂಡು ಹೊರಟುಬಿಟ್ಟರು.

ನಾನು ಗೊಬ್ಬರದ ಗಿಡಗಳ ಟೊಂಗೆ ಕಡಿಯಲು ಹತ್ತಿದೆ. ಅವತ್ತು ಮಾಡಲೇಬೇಕಾದ ಕೆಲಸವಲ್ಲ. ಕಡಿದ ಸೊಪ್ಪನ್ನು ತಂದು ಬದನೆಯ ಬುಡಕ್ಕೆ ಹಾಸಿದೆ, ಬಾಳೆಯ ಬುಡಕ್ಕೆ ಹಾಸಿದೆ, ಸಾಕಾದಲ್ಲೂ ಹಾಸಿದೆ. ಗೊಬ್ಬರದ ಗುಡ್ಡೆಯನ್ನು ತಿರುವಿ ಹಾಕಿದೆ. ಒಳಗೆ ಬಿಸಿಯಿತ್ತು, ಎರೆಹುಳುಗಳು ಹೊರಬಿದ್ದು ಒದ್ದಾಡಿದವು. ದ್ಯಾಮಕ್ಕನ ಎಕರೆಯಷ್ಟು ಮೆಣಸಿನಗಿಡ ತಲೆಯೊಳಗಿಂದ ಹೋಗಲಿಲ್ಲ. ಆಕೆಯದು ನಮ್ಮದಕ್ಕಿಂತ ತಡವಾಗಿ ಹಚ್ಚಿದ್ದು, ಇನ್ನೂ ಆಕೆಗೆ ಗೊತ್ತಾಗಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಬುಟ್ಟಿಯಲ್ಲಿದ್ದ ಕಾಯಿಗಳನ್ನು ಗೊಬ್ಬರದ ಗುಡ್ಡೆಯೊಳಗೆ ತಳ್ಳಿ, ಹಬ್ಬಕ್ಕೆ ಒಯ್ಯಲು ಬದನೆಕಾಯಿ ಹರಿದುಕೊಂಡೆ.

ಮಧ್ಯಾಹ್ನ ಹೊಲಕ್ಕೆ ಹೋದಾಗ ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿದ್ದರು. ಹೋಳಿಗೆ, ಕಡಬು, ಎಣ್ಣೆಗಾಯಿ, ಸಜ್ಜೆ ರೊಟ್ಟಿ, ಎಲ್ಲ ಹರಡಿತ್ತು. ದ್ಯಾಮಕ್ಕನ ಮಗಳು ಗೌರವ್ವ ಗುತ್ತಲದಿಂದ ಬಂದಿದ್ದಳು. ಚರಗ ಕಲಸಿ ಆದ ಮೇಲೆ ರೇಣುಕಾ ಹಸಿರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿಗೆ ಕೈ ಹಾಕಲು ಬಗ್ಗಿದಳು.

"ನೀ ಮುಟ್ಟಬ್ಯಾಡ" ಎಂದಳು ದ್ಯಾಮಕ್ಕ. ದನಿ ಜೋರಿರಲಿಲ್ಲ. "ಗೌರವ್ವ ಹೊರತಾಳ. ನೀ ಅಲ್ಲಿ ಮರದ ಕೆಳಗ ಕುಂದ್ರು."

ರೇಣುಕಾ ಕೈ ಹಿಂದೆ ತೆಗೆದುಕೊಂಡಳು. ಮಲ್ಲೇಶಿ ಬೇರೆ ಕಡೆ ನೋಡಿದ. ಮಗಳು ಬುಟ್ಟಿ ಹೊತ್ತಳು, ಮಲ್ಲೇಶಿ ಚರಗ ಚೆಲ್ಲುತ್ತ ಕೂಗುತ್ತ ಮುಂದೆ ಹೋದ. ಹಿಂದೆ ನೀರು ಚಿಮುಕಿಸಲಿಕ್ಕೂ ಸೊಸೆಯನ್ನು ಕರೆಯಲಿಲ್ಲ.

ಊಟಕ್ಕೆ ಕೂತಾಗ ದ್ಯಾಮಕ್ಕ ನನ್ನ ಪಕ್ಕಕ್ಕೆ ಸರಿದು, ಸೆರಗಿನ ಗಂಟು ಬಿಚ್ಚಿ ಎರಡು ಕಾಯಿ ತೆಗೆದು ತೋರಿಸಿದಳು. ಬೆಳಿಗ್ಗೆ ನಾನು ಗುಡ್ಡೆಯೊಳಗೆ ತಳ್ಳಿದಂಥವೇ. "ಇದನ್ನ ನೋಡ ತಂಗೀ. ಇದು ನಮ್ಮ ಡಬ್ಬಿ ಅಂತ ಯಾರರ ಅಂತಾರೇನು? ನಾಕು ಗಿಡಕ್ಕ ಒಂದು ಹಿಂಗ ಆಗೈತಿ. ವಾರದಿಂದ ನನಗ ನಿದ್ದಿ ಇಲ್ಲ."

ನನ್ನ ಬಾಯಲ್ಲಿ ಹೋಳಿಗೆಯ ತುತ್ತು ಇತ್ತು.

"ನೀನ ಹೇಳು, ಯಾಕ ಹಿಂಗಾತು?" ಎಂದು ಕೇಳಿದಳು. ನಾನು ತುತ್ತು ನುಂಗುವಷ್ಟರಲ್ಲಿ ಆಕೆಯೇ ಉತ್ತರ ಹೇಳಿದಳು. "ಬೀಜ ನಂದ, ನೀ ಜ್ವಾಕಿ ಮಾಡಿ ಇಟ್ಟಿದ್ದಿ. ಭೂಮಿ ನಂದ. ಮಳಿ ಎಲ್ಲಾರಿಗೂ ಒಂದ. ಬದಲಾಗಿದ್ದು ಕೈ ಒಂದ. ಅಕೀ ಕೈಗುಣ ಚಲೋ ಇಲ್ಲ ತಂಗೀ. ನಂದ ತಪ್ಪು, ಬೀಜ ಅಕೀ ಕೈಯಾಗ ಕೊಟ್ಟೆ."

ಕೈಗುಣವೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಡಾಕ್ಟರಿಗೂ ಅಡುಗೆಯವರಿಗೂ ಹಸು ಕರೆಯುವವರಿಗೂ ಅದನ್ನು ನೋಡುತ್ತಾರೆ. ಒಮ್ಮೆ ಕೆಟ್ಟದ್ದೆಂದು ಹೆಸರು ಬಂದರೆ ಆ ಹೆಂಗಸಿಗೆ ಹೆಪ್ಪು ಹಾಕಲು ಬಿಡುವುದಿಲ್ಲ, ಉಪ್ಪಿನಕಾಯಿ ಭರಣಿ ಮುಟ್ಟಗೊಡುವುದಿಲ್ಲ. ನನಗೆ ಇದೆಲ್ಲ ಗೊತ್ತಿತ್ತು. ಮರದ ಕೆಳಗೆ ಆ ಹುಡುಗಿ ಒಬ್ಬಳೇ ಕೂತು ಹುಲ್ಲು ಕೀಳುತ್ತಿದ್ದುದೂ ಕಾಣುತ್ತಿತ್ತು. ಇವರು ಎದುರಿಗೆ ಕೂತು ಎಣ್ಣೆಗಾಯಿಯನ್ನೇ ದಿಟ್ಟಿಸುತ್ತಿದ್ದರು. 'ತಪ್ಪು ನನ್ನದು' ಎನ್ನಲು ಎರಡು ಮಾತು ಸಾಕಿತ್ತು. ಅಷ್ಟು ಜನ ಕೂತಿದ್ದಾರೆ, ಹಬ್ಬದ ಎಲೆ ಮುಂದಿದೆ, 'ಹೊಟ್ಟ್ಯಾಗ ಹುಟ್ಟಿದಾಕಿಗಿಂತ ಹೆಚ್ಚಿನಾಕಿ' ಎಂದವಳ ಮುಖ ನನ್ನ ಕಡೆಗಿದೆ. ನಾನು, "ಹೊತ್ತು ಹೋದ್ಹಂಗ ಸರಿ ಆಗಬಹುದು, ತಡಿ ದ್ಯಾಮಕ್ಕಾ" ಎಂದೆ. ಅಷ್ಟು ಹೇಡಿಯ ಮಾತನ್ನು ನಾನು ಜನ್ಮದಲ್ಲಿ ಆಡಿರಲಿಲ್ಲ.

ಮನೆಗೆ ಬಂದು ಹಬ್ಬದ ಸೀರೆ ಬಿಚ್ಚಿ ಮತ್ತೆ ಕೆಲಸಕ್ಕೆ ಬಿದ್ದೆ. ಬಾತುಕೋಳಿ ಗೂಡಿನ ಹಳೆಯ ಹುಲ್ಲು ತೆಗೆದು ಹೊಸದು ಹಾಸಿದೆ. ಬಚ್ಚಲ ನೀರು ಬಾಳೆಗುಂಡಿಗೆ ಹೋಗುವ ಕಾಲುವೆಯ ಕೆಸರು ಎತ್ತಿದೆ. ಅಲಸಂದೆ ಒಣಗಾಯಿ ಬಿಡಿಸಿದೆ. ಇವರು ಒಂದೆರಡು ಸಲ ಹತ್ತಿರ ಬಂದು, "ಸಾಕ ಮಾಡ, ದಣಿವಾಗತೈತಿ" ಎಂದರು. ಹಬ್ಬ ಮುಗಿಯಲಿ ಎಂದವರ ಮೇಲೆ ಸಿಟ್ಟು ಬಂದಿತ್ತು. ನಾನೇ ಒಪ್ಪಿದ್ದೆನಲ್ಲ ಎಂಬ ಸಿಟ್ಟು ಅದಕ್ಕಿಂತ ಜಾಸ್ತಿಯಿತ್ತು.

ನಾಲ್ಕರ ಸುಮಾರಿಗೆ ರೇಣುಕಾ ಡಬ್ಬಿಯಲ್ಲಿ ಹೋಳಿಗೆ ತಂದಳು. ಅತ್ತೆಯೇ ಕೊಟ್ಟು ಕಳಿಸಿದ್ದಳು. ಡಬ್ಬಿ ಕಟ್ಟೆಯ ಮೇಲಿಟ್ಟು, ನಾನು ಕರೆಯದಿದ್ದರೂ ಮೆಣಸಿನ ಮಡಿಯ ಹತ್ತಿರ ಹೋಗಿ ನಿಂತಳು. ಗಿಡಗಳನ್ನು ನೋಡಿದಳು, ಜೇನುಪೆಟ್ಟಿಗೆಗಳನ್ನು ನೋಡಿದಳು.

"ಅಕ್ಕಾರ, ನಾನು ಪ್ಲಾಟಿನ್ಯಾಗ ಏನ್ ಕೆಲಸಾ ಮಾಡ್ತಿದ್ನಿ ಗೊತ್ತೈತೇನ್ರಿ?" ಎಂದಳು. "ಕ್ರಾಸಿಂಗ್ ಕೆಲಸಾ. ಒಂದು ಗಿಡದ ಹೂವಿನ ಪುಡಿ ತಗದು ಇನ್ನೊಂದು ಗಿಡದ ಹೂವಿಗೆ ಹಚ್ಚೂದು. ಬೆಳಿಗ್ಗಿಂದ ಸಂಜೀ ಮಟ ಅದ. ಹೊಲದ ಹತ್ರ ಬ್ಯಾರೆ ಮೆಣಸಿನ ಗಿಡಾ ಕಂಡ್ರ ನಮ್ಮ ಸುಪ್ರವೈಜರು ಕಿತ್ತಿ ಒಗಸ್ತಿದ್ರು. ಜೇನು ಬಂದ್ರ ಎಲ್ಲಾ ಕಲತು ಹೊಕ್ಕೈತಿ ಅಂತ."

ನಾನು ಬಿಡಿಸುತ್ತಿದ್ದ ಅಲಸಂದೆಯನ್ನು ಕೆಳಗಿಟ್ಟೆ. "ಹಂಗಾದ್ರ ನಿನಗ ಗೊತ್ತಿತ್ತು?"

"ಕಾಯಿ ನೋಡಿದ ದಿನಾನ ಗೊತ್ತಾತ್ರಿ."

"ಮತ್ತ ಅತ್ತಿಗೆ ಹೇಳಬೇಕಿಲ್ಲೇನವ್ವಾ!"

ಆಕೆ ನನ್ನನ್ನೇ ನೋಡಿದಳು. ಸಿಟ್ಟಿನ ನೋಟವಲ್ಲ, ಇಷ್ಟೂ ತಿಳಿಯುವುದಿಲ್ಲವೇ ಎಂಬಂಥ ನೋಟ. "ನಾ ಹೇಳಿದ್ರ ನೆಪಾ ಹೇಳಾಕತ್ಯಾಳ ಅಂತಾರ್ರಿ. ನೀವು ಹೇಳಿದ್ರ ಮಾತ ನಡೀತೈತಿ. ಊರಿಂದ ಬರ್ತೀರಿ, ಹೇಳ್ತೀರಿ ಅಂತ ಹಾದಿ ನೋಡಿದ್ನಿ. ಇವತ್ತ ಹೊಲದಾಗ ಅತ್ತಿ ನಿಮ್ಮನ್ನ ಕೇಳಿದಾಗ..." ಎಂದವಳು ಅಲ್ಲಿಗೇ ನಿಲ್ಲಿಸಿ, ಡಬ್ಬಿ ಖಾಲಿ ಮಾಡಿಕೊಡಿ ಎಂದು ಕೈ ಚಾಚಿದಳು. ನಾನು ಹೋಳಿಗೆಗಳನ್ನು ತಾಟಿಗೆ ಹಾಕಿಕೊಂಡು ಡಬ್ಬಿ ತೊಳೆದು ಕೊಟ್ಟೆ. ಬರಿಯ ಡಬ್ಬಿ ಕೊಡಬಾರದೆಂದು ಒಂದು ಹಿಡಿ ಅಲಸಂದೆ ಹಾಕಿದೆ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನಾನು ಮಡಿಯಿಂದ ಮೂರು ಗಿಡ ಬೇರುಸಹಿತ ಕಿತ್ತುಕೊಂಡು ದ್ಯಾಮಕ್ಕನ ಮನೆಗೆ ಹೋದೆ. ಇವರು ತಾವೂ ಬರುತ್ತೇನೆ ಎಂದರು, ಬೇಡವೆಂದೆ. ದ್ಯಾಮಕ್ಕ ಪಡಸಾಲೆಯಲ್ಲಿ ಕೂತು ಉಳುಕಿದ ಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಗಿಡಗಳನ್ನು ಆಕೆಯ ಮುಂದಿಟ್ಟು, ಒಂದನ್ನೂ ಬಿಡದೆ ಹೇಳಿದೆ. ನನ್ನ ಮಡಿ, ಆರೇಳು ಜಾತಿ, ಜೇನು, ನಡುಹೊಲದ ಮಾತನ್ನು ನಾನು ಕಡೆಗಣಿಸಿದ್ದು, ಎಲ್ಲ. "ರೇಣುಕಾನ ಕೈದು ಏನೂ ತಪ್ಪಿಲ್ಲ ದ್ಯಾಮಕ್ಕಾ. ನಾ ಕೊಟ್ಟ ಬೀಜಾನ ಕೆಟ್ಟಿತ್ತು" ಎಂದು ಆಕೆಯ ಕಾಲು ಮುಟ್ಟಿದೆ.

ದ್ಯಾಮಕ್ಕ ಕಾಲು ಹಿಂದಕ್ಕೆ ಎಳೆದುಕೊಂಡಳು. ಗಿಡಗಳನ್ನು ಮುಟ್ಟಿಯೂ ನೋಡಲಿಲ್ಲ.

"ಖರೇ ಇದ್ರ ಹೊಲದಾಗ ಹೇಳ್ತಿದ್ದಿ" ಎಂದಳು. "ಕಾಯಿ ಕೈಯಾಗ ಹಿಡದು ನಿನ್ನ ಕೇಳಿದ್ನಿ. ಆವಾಗ ಬಾಯಿ ಬಿಡಲಿಲ್ಲ. ಸಂಜೀಕ ಹೆಂಗ ನೆನಪಾತು? ಹೋಳಿಗಿ ಕೊಡಾಕ ಬಂದಾಕಿ ನಿನ್ನ ಮುಂದ ಅತ್ತಿರಬೇಕು. ನಿಂದು ಕರಳು ಭಾಳ ಮೆತ್ತಗ. ಅಕೀ ತಪ್ಪ ನಿನ್ನ ತಲೀ ಮ್ಯಾಲೆ ಹೊತ್ಕೊಂಡು ಬಂದೀದಿ."

"ಇಲ್ಲ ದ್ಯಾಮಕ್ಕಾ, ದೇವರಾಣೆ..."

"ಆಣಿ ಹಾಕಬ್ಯಾಡ. ಬೀಜ ಕೆಟ್ಟೈತಿ ಅಂತ ಇನ್ನೊಮ್ಮೆ ಅನಬ್ಯಾಡ. ಸಾಯೂ ಮುಂದ ನಮ್ಮತ್ತಿ ಆ ಗಡಿಗಿ ನನ್ನ ಕೈಯಾಗ ಕೊಟ್ಟಾಳ. ಇನ್ನರ್ಧ ಬೀಜ ಐತಿ. ಬರೂ ವರ್ಷ ನನ್ನ ಕೈಲೆ ಹಾಕ್ತೀನಿ, ನೋಡುವಂತಿ."

ಆಗ ನನಗೆ ತಿಳಿಯಿತು. ಸೊಸೆಯ ಕೈ ಕೆಟ್ಟದ್ದಾದರೆ ಕೈ ಬದಲಿಸಿದರಾಯಿತು, ಬೀಜ ಉಳಿಯುತ್ತದೆ. ನನ್ನ ಮಾತು ನಿಜವಾದರೆ ಆಕೆಯ ಅತ್ತೆಯ ಬೀಜ ಲೋಕದಲ್ಲಿ ಎಲ್ಲಿಯೂ ಉಳಿದಿರಲಿಲ್ಲ. ಮಧ್ಯಾಹ್ನ ಆಕೆ ಕೇಳಿದಾಗ ಅನುಮಾನಕ್ಕೆ ಇನ್ನೂ ಜಾಗವಿತ್ತು. ಸಂಜೆಗೆ ಆಕೆ ಮನಸ್ಸಿನ ಬಾಗಿಲು ಹಾಕಿಕೊಂಡಾಗಿತ್ತು.

ರೇಣುಕಾ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ಅಂಗಳದ ತನಕ ಕಳಿಸಲು ಬಂದು, ಮೆಲ್ಲಗೆ, "ಮಧ್ಯಾಹ್ನನ ಹೇಳಿದ್ರ ಆಕ್ಕಿತ್ರಿ ಅಕ್ಕಾರ" ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಆಮೇಲಿನ ಒಂದು ವರ್ಷವನ್ನು ನಾನು ಬದುವಿನ ಈಚೆಯಿಂದ ನೋಡಿದೆ. ಮೆಣಸಿನ ಮಡಿಯನ್ನು ಕಿತ್ತು ಹಾಕಿದೆ, ಜೇನುಪೆಟ್ಟಿಗೆಗಳನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ. ರೇಣುಕಾ ದನದ ಕೊಟ್ಟಿಗೆ ಬಳಿಯುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕಸ ತೆಗೆಯುತ್ತಿದ್ದಳು. ಹೆಪ್ಪು ಹಾಕುವುದು, ಸಸಿ ಹಚ್ಚುವುದು, ಕಾಳು ಅಳೆಯುವುದು ಅವಳಿಗಿರಲಿಲ್ಲ. ಓಣಿಯಲ್ಲಿ ಒಬ್ಬಳು ಬಾಣಂತಿ ಕೂಸನ್ನು ಅವಳ ಕೈಗೆ ಕೊಡದೆ ತೊಡೆಯ ಮೇಲೇ ಇಟ್ಟುಕೊಂಡಳೆಂದು ಯಾರೋ ನಗುತ್ತ ಹೇಳಿದರು. ಸಿಕ್ಕವರಿಗೆಲ್ಲ ನಾನು ಬೀಜದ ಕಥೆ ಹೇಳಿದೆ. ಎಲ್ಲರೂ ತಲೆಯಾಡಿಸಿ, "ನಿಮ್ದು ಒಳ್ಳೇ ಮನಸ್ಸ್ರಿ ಬಾಯಾರ" ಎಂದರು. ಬೈಸಿಕೊಂಡಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ದ್ಯಾಮಕ್ಕ ಗಡಿಗೆಯ ಅರ್ಧ ಬೀಜವನ್ನು ತನ್ನ ಕೈಯಿಂದಲೇ ಬಿತ್ತಿದಳು. ಸೊಸೆಯ ನೆರಳೂ ಬೀಳಗೊಡಲಿಲ್ಲ. ಕಾಯಿ ಬಿಟ್ಟಾಗ ಅದೇ ಸಪೂರದವು, ಅದೇ ಊದಿಕೊಂಡವು, ನಾಲ್ಕು ಗಿಡಕ್ಕೊಂದು. ಒಂದು ಬೆಳಿಗ್ಗೆ ಆಕೆ ನಮ್ಮ ಕಟ್ಟೆಯ ಮೇಲೆ ಬಂದು ಕೂತು, "ನೀ ಹೇಳಿದ್ದು ಖರೇ ಇತ್ತು" ಎಂದಳು. ತಂಗೀ ಎನ್ನಲಿಲ್ಲ. "ಆ ಹುಡಿಗಿಗೆ ನಾ ಏನ್ ಮಾಡಿಬಿಟ್ಟೆ" ಎಂದು ಹಣೆ ಹಣೆ ಬಡಿದುಕೊಂಡಳು. ಆ ಪಾಪದಲ್ಲಿ ದೊಡ್ಡ ಪಾಲು ನನ್ನದೆಂದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೀಜವನ್ನು ತಿದ್ದಿಕೊಳ್ಳಲು ಒಂದು ದಾರಿ ಇದೆ ಎಂದು ಇವರು ಹೇಳಿದರು. ಸರಿಯಾದ ಡಬ್ಬಿಯ ಗುಣ ತೋರುವ ಗಿಡಗಳನ್ನಷ್ಟೇ ಆರಿಸಿ, ಹೂವು ಅರಳುವ ಮೊದಲೇ ಟೊಂಗೆಗೆ ತೆಳು ಅರಿವೆಯ ಚೀಲ ಕಟ್ಟಬೇಕು. ಜೇನು ಮುಟ್ಟುವುದಿಲ್ಲ. ಆ ಕಾಯಿಯ ಬೀಜವನ್ನು ಮತ್ತೆ ಹಾಕಿ ಮತ್ತೆ ಆರಿಸುತ್ತ ಹೋದರೆ ಐದಾರು ವರ್ಷಕ್ಕೆ ಬೀಜ ಕೈಗೆ ಬರಬಹುದು. ಹೂವು ನೋಡಿ ತಿಳಿಯುವ ಕಣ್ಣು, ಮೊಗ್ಗು ಉದುರದಂತೆ ಕಟ್ಟುವ ಬೆರಳು ಬೇಕು. ಊರಿನಲ್ಲಿ ಆ ಕೆಲಸ ಬಲ್ಲವಳು ರೇಣುಕಾ ಒಬ್ಬಳೇ.

ದ್ಯಾಮಕ್ಕ ಗಂಡನ ಹಳೆಯ ಧೋತರ ಹರಿದು ರಾತ್ರಿ ಕೂತು ಚೀಲ ಹೊಲಿದಳು. ಮರುದಿನ ನಾವು ಮೂವರೂ ಹೊಲಕ್ಕೆ ಹೋದೆವು. ದ್ಯಾಮಕ್ಕ ಚೀಲಗಳನ್ನು ಸೊಸೆಯ ಮುಂದೆ ಹಿಡಿದು, "ನೀನ ಕಟ್ಟವ್ವಾ, ಇದು ನಿನ್ನ ಕೈಲೇ ಆಗಬೇಕು" ಎಂದಳು. ಆಕೆ ಅಷ್ಟು ತಗ್ಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ರೇಣುಕಾ ಚೀಲ ತೆಗೆದುಕೊಳ್ಳಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ನೀವ ಕಟ್ರಿ ಅತ್ತಿ. ನಾ ಇಲ್ಲೆ ನಿಂತು ತೋರಿಸ್ತೀನಿ" ಎಂದಳು.

"ಯಾಕವ್ವಾ?" ಎಂದೆ ನಾನು. "ಜೇನಿನ ಕೆಲಸಾ ಅಂತ ಎಲ್ಲಾರಕಿಂತ ಮೊದಲ ತಿಳದಾಕಿ ನೀನ ಅಲ್ಲೇನು?"

"ತಿಳದೈತ್ರಿ ಅಕ್ಕಾರ" ಎಂದಳು. "ಆದ್ರೂ ಇರೂದ ಇದೊಂದ ಬೀಜ. ನನ್ನ ಕೈ ಹತ್ತಿ ಮತ್ತ ಕೆಟ್ರ?"

ದ್ಯಾಮಕ್ಕ ಬಗ್ಗಿ ಮೊದಲ ಗಿಡದ ಟೊಂಗೆ ಹಿಡಿದಳು. ಉಳುಕಿದ ಮಣಿಕಟ್ಟು ಇನ್ನೂ ನೆಟ್ಟಗಾಗಿರಲಿಲ್ಲ, ದಾರ ಎರಡು ಸಲ ಜಾರಿತು. ಎರಡು ಮೊಗ್ಗು ಉದುರಿದವು. ರೇಣುಕಾ ಬದುವಿನ ಮೇಲಿಂದ, "ಸ್ವಲ್ಪ ಕೆಳಗ್ರಿ ಅತ್ತಿ, ಬಿಗಿ ಮಾಡಬ್ಯಾಡ್ರಿ" ಎನ್ನುತ್ತ ನಿಂತಿದ್ದಳು, ಕೈ ಬೆನ್ನ ಹಿಂದೆಯೇ ಇದ್ದವು.